ಕಲ್ದಾರಿನಿಂದ ಡಾಲರಿನವರೆಗೆ

ಹೊರನಾಡಿನಲ್ಲಿ ದುಡಿದ ರೂಪಾಯಿಗೆ ಊರಿನ ರೂಪಾಯಿಗಿಂತ ತೂಕ ಹೆಚ್ಚೆಂಬುದನ್ನು ರಾಯಚೂರು ಸೀಮೆಯ ಜನ ಡಾಲರಿನ ಹೆಸರನ್ನು ಕೇಳುವುದಕ್ಕೆ ಬಹುಕಾಲ ಮುನ್ನವೇ ಅರಿತಿದ್ದರು. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿ ಎರಡು ನಾಣ್ಯಗಳ ಲೆಕ್ಕ ನಡೆಯುತ್ತಿದ್ದಿತು: ಹೈದರಾಬಾದಿನ ಟಂಕಸಾಲೆಯಲ್ಲಿ ಅಚ್ಚಾಗಿ ಚಾರ್ಮಿನಾರಿನ ಮುದ್ರೆಯನ್ನು ಹೊತ್ತು ಬರುತ್ತಿದ್ದ ಹಾಲಿ ಸಿಕ್ಕಾ ಒಂದು, ಬ್ರಿಟಿಷ್ ಸರಕಾರದ ಕಲ್ದಾರ್ ಮತ್ತೊಂದು. ಆರು ಕಲ್ದಾರಿಗೆ ಸ್ಥೂಲವಾಗಿ ಏಳು ಹಾಲಿ ದೊರೆಯುತ್ತಿದ್ದುದರಿಂದ, ಸೊಲ್ಲಾಪುರದ ಗಿರಣಿಯಲ್ಲೋ ಮುಂಬಯಿಯ ಬಂದರಿನಲ್ಲೋ ವರ್ಷವೆರಡು ವರ್ಷ ಮೈಮುರಿದು ದುಡಿದು, ಗಳಿಸಿದ ಕಲ್ದಾರನ್ನು ಸೊಂಟಕ್ಕೆ ಕಟ್ಟಿಕೊಂಡು ರಾಯಚೂರಿನ ನಿಲ್ದಾಣದಲ್ಲಿ ಇಳಿದವನು, ಸರಾಫನ ಕಟ್ಟೆಯನ್ನು ಹತ್ತಿ ಇಳಿಯುವಷ್ಟರಲ್ಲಿ, ಮತ್ತೊಂದು ಹನಿ ಬೆವರನ್ನೂ ಸುರಿಸದೆ ಆರನ್ನು ಏಳಾಗಿ ಮಾಡಿಕೊಳ್ಳುತ್ತಿದ್ದನು. ಹಾಲಿ ನಾಣ್ಯದ ಚಲಾವಣೆ 1950ರ ದಶಕದಲ್ಲಿ ನಿಂತಿತು. ಆದರೆ ದೂರದ ಸಂಬಳಕ್ಕೆ ಹತ್ತಿರದ ಪೇಟೆಯಲ್ಲಿ ಬೆಲೆ ಹೆಚ್ಚೆಂಬ ಆ ಲೆಕ್ಕಾಚಾರ ಮಾತ್ರ ಈ ನೆಲದಲ್ಲಿ ಉಳಿಯಿತು.

ಇಂದು ರಾಯಚೂರಿನ ಒಂದು ಬಡಾವಣೆಯ ಮಾಳಿಗೆಯ ಮೇಲಣ ಕೋಣೆಯಲ್ಲಿ ಕುಳಿತು ಅಮೆರಿಕೆಯ ಸಂಸ್ಥೆಯೊಂದಕ್ಕೆ ತಂತ್ರಾಂಶವನ್ನು ರಚಿಸಿಕೊಟ್ಟು, ತಿಂಗಳ ಕೊನೆಗೆ ಡಾಲರಿನ ಸಂಬಳವನ್ನು ಪಡೆಯುವುದು ಸಾಧ್ಯವಾಗಿದೆ. ಈ ವೃತ್ತಿಯ ಪೂರ್ವವೃತ್ತಾಂತವನ್ನು ಬರೆಯುವವರು ಬೆಂಗಳೂರಿನ ಗಾಜಿನ ಸೌಧಗಳಿಂದ ಮೊದಲುಮಾಡುವುದು ವಾಡಿಕೆ. ನಾನು ಸರಾಫನ ಕಟ್ಟೆಯಿಂದ ಮೊದಲುಮಾಡಿರುವುದಕ್ಕೆ ಕಾರಣವುಂಟು. ಕೃಷ್ಣೆ ತುಂಗಭದ್ರೆಗಳ ನಡುವಣ ಈ ದೋಆಬಿನಲ್ಲಿ ಧಣಿಯು ದೂರದಲ್ಲಿರುವುದು ಹಳೆಯ ಸಂಗತಿ; ಆ ಧಣಿಯ ಹಣವನ್ನು ಪಡೆಯಬೇಕಾದರೆ ಆಳು ತನ್ನ ದೇಹವನ್ನು ಅವನಿದ್ದಲ್ಲಿಗೆ ಒಯ್ಯಲೇಬೇಕಾಗಿದ್ದಿತು. ಊರಿನ ಒಲೆಯ ಬಳಿಯಲ್ಲಿಯೇ ಕುಳಿತು ದೂರದ ಧಣಿಗೆ ದುಡಿಯುವುದೆಂಬುದು ನಮ್ಮ ತಲೆಮಾರಿಗೆ ಮೊದಲ ಬಾರಿಗೆ ಒದಗಿರುವ ಯೋಗ. ಅದರ ಬೆಲೆಯನ್ನು ತಿಳಿಯಬೇಕಾದರೆ ಹಿಂದಿನವರು ಎಷ್ಟು ದೂರ ನಡೆದರೆಂಬುದನ್ನು ತಿಳಿದಿರಬೇಕು.

ಮುಂಬಯಿಯಿಂದ ಆಗ್ನೇಯಾಭಿಮುಖವಾಗಿ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ, ಮದರಾಸಿನಿಂದ ವಾಯವ್ಯಾಭಿಮುಖವಾಗಿ ಹೊರಟ ಮದರಾಸು ರೈಲ್ವೆಯ ಹಳಿಯೂ 1871ರಲ್ಲಿ ಸಂಧಿಸಿದುದು ರಾಯಚೂರಿನಲ್ಲಿ. ಒಂದು ಕಂಪೆನಿಯ ರಾಜ್ಯ ಮುಗಿದು ಇನ್ನೊಂದರ ರಾಜ್ಯ ಆರಂಭವಾಗುತ್ತಿದ್ದ ಈ ನಿಲ್ದಾಣದಿಂದ ಎರಡು ಸಮುದ್ರತೀರಗಳ ಪೇಟೆಗಳೂ ಏಕಕಾಲದಲ್ಲಿ ಊರಿಗೆ ಹತ್ತಿರವಾದುವು. ಅದಕ್ಕೆ ಹತ್ತು ವರ್ಷಗಳ ಹಿಂದೆ, 1861ರಿಂದ 65ರವರೆಗೆ ನಡೆದ ಅಮೆರಿಕೆಯ ಅಂತರ್ಯುದ್ಧದಿಂದಾಗಿ ಅಲ್ಲಿನ ಹತ್ತಿ ಲ್ಯಾಂಕಾಶೈರಿನ ಗಿರಣಿಗಳಿಗೆ ತಲಪದಂತಾಗಿ, ದಖ್ಖನಿನ ಕಪ್ಪು ನೆಲದ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿದ್ದಿತು. ಹಳಿಯ ಪಕ್ಕದಲ್ಲಿಯೇ ತಂತಿಯ ಕಂಬಗಳೂ ಬಂದುವು. ಎರೆಯ ಹೊಲದ ರೈತ ಬಿಡಿಸಿದ ಹತ್ತಿಯ ಬೆಲೆಯನ್ನು ಅವನು ಕಾಣದ ನಗರಗಳು ನಿಶ್ಚಯಿಸುವ ಕಾಲ ಅಂದಿಗೇ ಬಂದಾಗಿದ್ದಿತು. ರಾಜೇಂದ್ರ ಗಂಜಿನಲ್ಲಿ ಇಂದಿಗೂ ಅಡತಿಯ ಅಂಗಡಿಗಳ ಮುಂದೆ ಅಂಡಿಗೆಗಳು ಇಳಿಯುವುದನ್ನು ನೋಡುವಾಗ ನನಗೆ ತೋರುವುದಿಷ್ಟು: ದೂರದ ಪೇಟೆ, ನಡುವೆ ಒಬ್ಬ ದಲ್ಲಾಳಿ, ಕೊನೆಯಲ್ಲಿ ಬೆಲೆಯನ್ನು ಕೇಳಿ ತಿಳಿಯಬೇಕಾದ ದುಡಿಮೆಗಾರ ಎಂಬ ಈ ವಿನ್ಯಾಸವನ್ನು ಮುಂದೆ ತಂತ್ರಾಂಶದ ವ್ಯಾಪಾರವೂ ಬಹುಮಟ್ಟಿಗೆ ಅನುಸರಿಸಿತು.

ಆ ಹಳಿ ದೇವದುರ್ಗವನ್ನಾಗಲಿ ಮಾನ್ವಿಯನ್ನಾಗಲಿ ಮುಟ್ಟಲಿಲ್ಲ. ರಾಯಚೂರಿನಿಂದ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಈ ಎರಡು ಊರುಗಳ ಹಣೆಬರಹವನ್ನು ಬರೆದುದು ಉಗಿಬಂಡಿಯಲ್ಲ, ನೀರು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ ಎಡದಂಡೆಯ ನಾಲೆ ಹರಿದ ಮೇಲೆ ಮಾನ್ವಿಯ ಕಡೆ ಬತ್ತದ ಗದ್ದೆಗಳಾದುವು. ಆಂಧ್ರದ ಕೃಷಿಕರು ಬಂದು ನೆಲೆಸಿದ ಕ್ಯಾಂಪುಗಳು ಹುಟ್ಟಿಕೊಂಡುವು. ಹೊರಗಿನವರು ಇಲ್ಲಿಗೆ ದುಡಿಯಲು ಬರುವಂಥ ಅಪರೂಪದ ಸ್ಥಿತಿ ಉಂಟಾಯಿತು. ಆದರೆ ನಾಲೆಯ ಕೊನೆಯ ಭಾಗಕ್ಕೆ ನೀರು ಮುಟ್ಟುವುದು ಮೇಲಿನವರು ಕುಡಿದು ಬಿಟ್ಟ ಮೇಲೆಯೇ ಎಂಬ ಸಂಕಟವನ್ನು ಮಾನ್ವಿ ರಾಯಚೂರುಗಳ ರೈತರು ಬಲ್ಲಷ್ಟು ಚೆನ್ನಾಗಿ ಬೇರೆಯವರು ಬಲ್ಲರೆಂದು ನಾನು ನಂಬಲಾರೆ. ‘ಕೊನೆ ಭಾಗದವರು’ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಮಾನ್ವಿಯ ಹೆಸರನ್ನು ಎತ್ತಿದ ಮೇಲೆ ಜಗನ್ನಾಥದಾಸರನ್ನು ನೆನೆಯದೆ ಮುಂದಕ್ಕೆ ಹೋಗುವುದು ನನ್ನಿಂದಾಗದು. ಹದಿನೆಂಟನೆಯ ಶತಮಾನದಲ್ಲಿ ಅವರು ಅಲ್ಲಿದ್ದು ರಚಿಸಿದ ಹರಿಕಥಾಮೃತಸಾರವು, ಕರ್ತೃವಿನ ಕಾಲ್ನಡಿಗೆ ಮುಟ್ಟದಿದ್ದ ಎಷ್ಟೋ ಊರುಗಳ ಮನೆಮನೆಗೆ ತಲಪಿತು. ಅದು ಕೂಲಿಯ ಕೆಲಸವಲ್ಲ, ಹೋಲಿಕೆಯನ್ನು ದೂರ ಎಳೆಯಲಾಗದು. ಆದರೂ ಕೃತಿಯು ಸಂಚರಿಸಿ ಕರ್ತೃವು ಊರಿನಲ್ಲಿಯೇ ನಿಂತ ನಿದರ್ಶನವೊಂದು ಮಾನ್ವಿಯ ಮಣ್ಣಿನಲ್ಲಿ ಉಂಟೆಂಬುದು ನನಗೆ ಸಂತೋಷವನ್ನು ಕೊಡುತ್ತದೆ.

ದೇವದುರ್ಗದ ಕಥೆ ಬೇರೆ. ಉತ್ತರಕ್ಕೆ ಕೃಷ್ಣೆ ಹರಿದರೂ ಹೊಲಗಳು ಬಹುಕಾಲ ಮಳೆಯನ್ನೇ ನಂಬಿದ್ದುವು. ನಾರಾಯಣಪುರದ ಬಲದಂಡೆಯ ನೀರು ಬಂದುದು ತೀರ ಈಚೆಗೆ, ಅದೂ ಎಲ್ಲೆಡೆಗಲ್ಲ. ಪ್ರಾದೇಶಿಕ ಅಸಮಾನತೆಯನ್ನು ಪರಿಶೀಲಿಸಿ 2002ರಲ್ಲಿ ವರದಿಯನ್ನು ಸಲ್ಲಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳೆಂದು ಗುರುತಿಸಿದ 39ರಲ್ಲಿ 21 ಕಲಬುರಗಿ ವಿಭಾಗದವಾಗಿದ್ದುವು, ದೇವದುರ್ಗ ಅವುಗಳಲ್ಲೊಂದು. ಅಂಕಿಗಳು ಹೇಳುವುದನ್ನು ಊರಿನ ಬಸ್ ನಿಲ್ದಾಣ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಸುಗ್ಗಿ ಮುಗಿದ ಮೇಲೆ ಗಂಡಹೆಂಡಿರು ಜೋಳದ ಹಿಟ್ಟಿನ ಚೀಲ, ಪಾತ್ರೆಪಗಡ, ಹಾಸಿಗೆಯ ಸುರುಳಿ, ಕಂಕುಳಲ್ಲಿ ಕೂಸು, ಇಷ್ಟರೊಂದಿಗೆ ಬೆಂಗಳೂರಿನ ಬಸ್ಸನ್ನು ಹತ್ತುತ್ತಾರೆ; ಮುದುಕರು ಮನೆಯನ್ನು ಕಾಯುತ್ತಾರೆ; ಶಾಲೆಗೆ ಹೋಗುವ ಮಗು ಅಜ್ಜಿಯ ಬಳಿಯಲ್ಲಿ ಉಳಿದರೆ ಓದೀತು, ತಂದೆತಾಯಿಗಳೊಡನೆ ಹೋದರೆ ಆ ವರ್ಷದ ಓದು ಅಲ್ಲಿಗೆ ಮುಗಿಯಿತು. ಇದಕ್ಕೆ ನಮ್ಮವರು ಇಟ್ಟ ಹೆಸರು ಗುಳೆ. ಬರಗಾಲದಲ್ಲಿ ಊರಿಗೆ ಊರೇ ಎದ್ದು ಹೋಗುವುದಕ್ಕೆ ಸಲ್ಲುತ್ತಿದ್ದ ಈ ಮಾತು, ಮಳೆ ಬಂದ ವರ್ಷವೂ ತಪ್ಪದ ಪ್ರಯಾಣಕ್ಕೆ ಸಲ್ಲತೊಡಗಿದುದೇ ಒಂದು ಚರಿತ್ರೆ. ಮೇಸ್ತ್ರಿ ಕೊಟ್ಟ ಮುಂಗಡವು ಮದುವೆಗೋ ಆಸ್ಪತ್ರೆಗೋ ಕರಗಿ, ಅದನ್ನು ತೀರಿಸುವುದಕ್ಕಾಗಿಯೇ ಮುಂದಿನ ವರ್ಷದ ಗುಳೆ. ಬೆಂಗಳೂರಿನ ಹೊರವರ್ತುಲದಲ್ಲಿ ತಂತ್ರಾಂಶದ ಸಂಸ್ಥೆಗಳಿಗೆಂದು ಎದ್ದ ಮಹಡಿಗಳ ತಳಪಾಯವನ್ನು ಅಗೆದು, ಕಾಂಕ್ರೀಟನ್ನು ಹೊತ್ತ ಕೈಗಳಲ್ಲಿ ನಮ್ಮ ಜಿಲ್ಲೆಯ ಕೈಗಳು ಬಹಳ. ತಗಡಿನ ಶೆಡ್ಡಿನಲ್ಲಿ ಮಲಗಿ ಕಟ್ಟಿದ ಆ ಕಟ್ಟಡಗಳ ಒಳಗೆ ಏನು ನಡೆಯುತ್ತದೆಂಬುದನ್ನು ಅವರಿಗೆ ಯಾರೂ ಹೇಳಲಿಲ್ಲವೆಂಬ ನೋವು ಈ ಬರೆಹಕ್ಕೆ ಮೂಲ.

ಓದಿದವರ ಪ್ರಯಾಣವೂ ಸುಲಭವಾಗಿರಲಿಲ್ಲ. ಸಂಸ್ಥಾನದ ಕಚೇರಿಗಳಲ್ಲಿ 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದು, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉಚ್ಚಶಿಕ್ಷಣವೂ ಉರ್ದುವಿನ ಮೂಲಕವೇ ನಡೆಯತೊಡಗಿದಾಗ, ಮನೆಯಲ್ಲಿ ಕನ್ನಡವನ್ನಾಡುವ ಹುಡುಗನು ನೌಕರಿಗಾಗಿ ಮತ್ತೊಂದು ಭಾಷೆಯನ್ನು ತಲೆಗೇರಿಸಿಕೊಂಡು ಹೈದರಾಬಾದಿಗೆ ಹೋಗಬೇಕಾಯಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಮುಗಿದು 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದಾಗ, ಆ ಕಷ್ಟಾರ್ಜಿತವಾದ ಭಾಷಾಸಂಪತ್ತು ಕಚೇರಿಗಳಲ್ಲಿ ಹಾಲಿ ನಾಣ್ಯದಂತೆಯೇ ಚಲಾವಣೆಯನ್ನು ಕಳೆದುಕೊಂಡಿತು; ಮಕ್ಕಳು ಇಂಗ್ಲಿಷಿನ ಮೊದಲಕ್ಷರದಿಂದ ಮತ್ತೆ ಆರಂಭಿಸಿದರು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371 ಜೆ ವಿಧಿಯು ಸರಕಾರಿ ಹುದ್ದೆಗಳಲ್ಲಿಯೂ ಕಾಲೇಜಿನ ಸ್ಥಾನಗಳಲ್ಲಿಯೂ ಈ ಭಾಗದವರಿಗೆ ಪಾಲನ್ನು ಕೊಟ್ಟಿದೆ, ಅದು ದೊಡ್ಡ ಉಪಕಾರ. ಆದರೆ ಸಾಗರದಾಚೆಯ ಧಣಿಗೆ ಆ ವಿಧಿ ಅನ್ವಯಿಸದು.

ಸಾಗರದಾಚೆಯವರಿಗೆ ಭಾರತೀಯರು ತಂತ್ರಾಂಶವನ್ನು ರಚಿಸಿಕೊಡುವ ಉದ್ಯಮದ ಆರಂಭವನ್ನು ಸಾಮಾನ್ಯವಾಗಿ 1974ಕ್ಕೆ, ಟಾಟಾ ಕನ್ಸಲ್ಟೆನ್ಸಿಯವರು ಅಮೆರಿಕೆಯ ಬರೋಸ್ ಕಂಪೆನಿಯೊಡನೆ ಕೈಗೂಡಿಸಿದ ಕಾಲಕ್ಕೆ ಇಡುವರು. ಆಮೇಲಿನ ಬಹುವರ್ಷಗಳು ಮಾನವದೇಹಗಳ ರಫ್ತಿನ ವರ್ಷಗಳು. ಯಂತ್ರ ಅಲ್ಲಿತ್ತು, ಆದ್ದರಿಂದ ಎಂಜಿನಿಯರನೂ ಅಲ್ಲಿಗೆ ಹೋಗಬೇಕಾಗಿದ್ದಿತು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹದ ಮೂಲಕ ಕೆಲಸವನ್ನೇ ಕಳುಹಿಸುವ ಮಾರ್ಗವನ್ನು ತೋರಿಸಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳ ವ್ಯವಸ್ಥೆ ಬಂದು ಆ ಮಾರ್ಗವು ಚಿಕ್ಕ ಸಂಸ್ಥೆಗಳಿಗೂ ತೆರೆಯಿತು. ಅದೇ ವರ್ಷದ ಜುಲೈಯ ಅಪಮೌಲ್ಯದಿಂದ ಡಾಲರು 25 ರೂಪಾಯಿಯ ಆಸುಪಾಸಿಗೆ ಏರಿತು. 2022ರಲ್ಲಿ 80ನ್ನು ದಾಟಿತು. ಆರಕ್ಕೆ ಏಳು ಕೊಡುತ್ತಿದ್ದ ಸರಾಫನನ್ನು ನೆನೆದರೆ, ಈ ವಿನಿಮಯದ ಹಿಂದೆ ಒಂದು ದೇಶದ ಯುವಜನತೆಯೇ ಏಕೆ ಓಡಿತೆಂಬುದು ತಿಳಿಯುತ್ತದೆ.

ರಾಯಚೂರಿನ ಎಂಜಿನಿಯರಿಂಗ್ ಪದವೀಧರನು ಈ ಓಟಕ್ಕೆ ಸೇರಿದುದು ಹೈದರಾಬಾದಿನ ಅಮೀರ್‌ಪೇಟೆಯ ದಾರಿಯಾಗಿ. ಬೆಂಗಳೂರು ನಾನೂರಕ್ಕೂ ಮಿಕ್ಕ ಕಿಲೋಮೀಟರ್; ಹೈದರಾಬಾದು ಅದರ ಅರ್ಧ. 1998ರಲ್ಲಿ ಹೈಟೆಕ್ ಸಿಟಿ ತೆರೆದ ಮೇಲೆ ಅಮೀರ್‌ಪೇಟೆಯ ಮೈತ್ರಿವನಂ ಸುತ್ತಿನ ಕೋಚಿಂಗ್ ಕೇಂದ್ರಗಳಲ್ಲಿ ಜಾವಾ, ಒರೇಕಲ್ ಮೊದಲಾದುವನ್ನು ಕಲಿತು, ಹಾಸ್ಟೆಲಿನ ಒಂದು ಮಂಚವನ್ನು ಬಾಡಿಗೆಗೆ ಹಿಡಿದು, ಸಂದರ್ಶನದಿಂದ ಸಂದರ್ಶನಕ್ಕೆ ಅಲೆದು, ವರ್ಷಕ್ಕೆ ಮೂರು ಮೂರೂವರೆ ಲಕ್ಷದ ಮೊದಲ ನೌಕರಿಯನ್ನು ಹಿಡಿದವರಿಗೆ ಊರಿನಲ್ಲಿ ಸತ್ಕಾರ ನಡೆಯುತ್ತಿದ್ದಿತು. ನಡುವೆ ನಿಂತ ಕಂಪೆನಿಯು ವಿದೇಶದ ಗಿರಾಕಿಯಿಂದ ಡಾಲರನ್ನು ಪಡೆದು ಎಂಜಿನಿಯರನಿಗೆ ರೂಪಾಯಿಯನ್ನು ಕೊಡುತ್ತಿದ್ದಿತು. ಇದನ್ನು ಅನ್ಯಾಯವೆಂದು ಹೇಳಲು ನಾನು ಸಿದ್ಧನಿಲ್ಲ. ಗಿರಾಕಿಯನ್ನು ಹುಡುಕುವ, ಹೊಣೆಯನ್ನು ಹೊರುವ, ಹೊಸಬರಿಗೆ ಕಲಿಸುವ ಕೆಲಸವನ್ನು ಅದೇ ಮಾಡುತ್ತಿದ್ದಿತು. ಆದರೆ ಸ್ಥಾನದಲ್ಲಿ ಅದು ಗಂಜಿನ ಅಡತಿಯವನೇ ಹೌದು.

2020ರ ಮಾರ್ಚ್ 25ರಿಂದ ಸಾಂಕ್ರಾಮಿಕದ ಕಾರಣ ದೇಶಕ್ಕೆ ಬೀಗ ಬಿದ್ದಾಗ ಬೆಂಗಳೂರಿನಿಂದ ನಮ್ಮ ಜಿಲ್ಲೆಗೆ ಎರಡು ಬಗೆಯ ಜನ ಹಿಂದಿರುಗಿದರು. ಗುಳೆ ಹೋದವರು ಗಂಟುಗದಡಿಗಳೊಡನೆ, ಕೆಲವರು ನಡೆದು, ಕೆಲವರು ಸಿಕ್ಕ ಲಾರಿಯಲ್ಲಿ, ಅನೇಕರು ಮುಂದೆ ಬಿಟ್ಟ ಬಸ್ಸು ರೈಲುಗಳಲ್ಲಿ ಬಂದರು. ಅವರ ಕೂಲಿಯು ಬೆಂಗಳೂರಿನಲ್ಲಿಯೇ ನಿಂತುಹೋಯಿತು. ತಂತ್ರಾಂಶದವರು ಲ್ಯಾಪ್‌ಟಾಪಿನ ಚೀಲದೊಡನೆ ಬಂದರು. ಅವರ ಸಂಬಳವು ಅವರ ಹಿಂದೆಯೇ ಊರಿಗೆ ಬಂದಿತು. ಒಂದೇ ರಸ್ತೆಯಲ್ಲಿ ನಡೆದ ಈ ಎರಡು ಮರಳುವಿಕೆಗಳಷ್ಟು ಸ್ಪಷ್ಟವಾಗಿ ವಿದ್ಯೆಯ ವ್ಯತ್ಯಾಸವನ್ನು ಮತ್ತಾವುದೂ ನಮ್ಮ ಕಣ್ಣಿಗೆ ತೋರಿಸಿರಲಿಲ್ಲ. ಅದುವರೆಗೆ ಹೊರಗುತ್ತಿಗೆಯ ಸಂಸ್ಥೆಗಳ ನೌಕರರು ಮನೆಯಿಂದ ದುಡಿಯಬೇಕಾದರೆ ದೂರಸಂಪರ್ಕ ಇಲಾಖೆಯ ನೋಂದಣಿ, ಠೇವಣಿ, ಷರತ್ತುಗಳು ಅಡ್ಡ ಇದ್ದುವು. ಆ ವರ್ಷದ ನವೆಂಬರಿನಲ್ಲಿ ಅವನ್ನು ಬಹುಪಾಲು ತೆಗೆದುಹಾಕಲಾಯಿತು. ಎಲ್ಲಿಂದಲಾದರೂ ದುಡಿಯಬಹುದೆಂಬುದು ಆಪತ್ಕಾಲದ ವಿನಾಯಿತಿಯಾಗಿ ಬಂದು ನಿಯಮವಾಗಿ ನಿಂತಿತು.

ಮನೆಯಿಂದ ಬೆಂಗಳೂರಿಗೆ ದುಡಿಯಬಹುದಾದರೆ, ನಡುವೆ ಯಾರೂ ಇಲ್ಲದೆ ನೇರವಾಗಿ ಬರ್ಲಿನ್ನಿಗೋ ಬಾಸ್ಟನ್ನಿಗೋ ಏಕೆ ದುಡಿಯಬಾರದು? ಈ ಪ್ರಶ್ನೆಗೆ ಉತ್ತರ ಸಾಂಕ್ರಾಮಿಕಕ್ಕೆ ಮೊದಲೇ ಸಿದ್ಧವಾಗಿದ್ದಿತು. 1991ರಲ್ಲಿ ಮೊದಲಾದ ಲಿನಕ್ಸಿನಂಥ ಮುಕ್ತ ತಂತ್ರಾಂಶಗಳನ್ನು, ಒಬ್ಬರ ಮುಖವನ್ನೊಬ್ಬರು ಕಾಣದವರು ಹಲವು ದೇಶಗಳಿಂದ ಕೂಡಿ ಕಟ್ಟಿದ್ದರು. 2008ರಲ್ಲಿ ಬಂದ ಗಿಟ್‌ಹಬ್ ಆ ಕೆಲಸವೆಲ್ಲ ಬಯಲಿನಲ್ಲಿ ನಡೆಯುವಂತೆ ಮಾಡಿತು. ಯಾವ ಸಾಲನ್ನು ಯಾರು, ಎಂದು, ಏಕೆ ಬರೆದರೆಂಬುದು ಅಲ್ಲಿ ಯಾರ ಕಣ್ಣಿಗೂ ಬೀಳುವಂತಿರುತ್ತದೆ. ಗಿಟ್‌ಲ್ಯಾಬ್, ಆಟೊಮ್ಯಾಟಿಕ್ ಮೊದಲಾದ ಸಂಸ್ಥೆಗಳು ಎಲ್ಲರೂ ಮನೆಯಿಂದಲೇ ದುಡಿಯುವ ಪದ್ಧತಿಯನ್ನು ರೂಢಿಗೆ ತಂದುವು. ಇಂಥವರ ಬಳಿ ಕೆಲಸವನ್ನು ಹುಡುಕುವವನಿಗೆ ಕಾಲೇಜಿನ ಹೆಸರಿಗಿಂತ ಹೆಚ್ಚಾಗಿ ನೆರವಾಗುವುದು ಈ ಬಯಲಿನಲ್ಲಿ ಇಟ್ಟ ಕೆಲಸ: ಪ್ರಸಿದ್ಧವಾದ ಮುಕ್ತ ತಂತ್ರಾಂಶವೊಂದರಲ್ಲಿ ಸಣ್ಣ ದೋಷವನ್ನು ತಿದ್ದಿ, ಅದರ ಪಾಲಕರು ಕೇಳಿದ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸಿ, ವರ್ಷ ಕಳೆಯುವಷ್ಟರಲ್ಲಿ ಅವರ ನಂಬಿಕೆಯನ್ನು ಗಳಿಸುವುದು. ದೇವದುರ್ಗದ ಹುಡುಗಿಗೆ, ತನ್ನ ಊರನ್ನೂ ಜಾತಿಯನ್ನೂ ಉಚ್ಚಾರವನ್ನೂ ಯಾರೂ ವಿಚಾರಿಸದೆ ಕೆಲಸವನ್ನಷ್ಟೇ ನೋಡುವ ಪರೀಕ್ಷಾಸ್ಥಾನವೊಂದು ಇದ್ದರೆ ಅದು ಇದೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಈ ದುಡಿಮೆಯಲ್ಲಿ ಬರೆವಣಿಗೆಗೆ ಇರುವ ಸ್ಥಾನವನ್ನು ನಮ್ಮ ಕೋಚಿಂಗ್ ಕೇಂದ್ರಗಳು ಇನ್ನೂ ಗ್ರಹಿಸಿಲ್ಲ. ರಾಯಚೂರಿನಲ್ಲಿ ರಾತ್ರಿ ಒಂಬತ್ತೂವರೆಯಾದಾಗ ಬೇಸಗೆಯ ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಒಂಬತ್ತು. ಸಹೋದ್ಯೋಗಿಯು ನಿದ್ರಿಸುವ ವೇಳೆಯಲ್ಲಿ ನಾವು ದುಡಿಯುವುದರಿಂದ, ಮಾಡಿದುದೇನು, ಉಳಿದುದೇನು, ಸಂಶಯವೆಲ್ಲಿ ಎಂಬುದನ್ನು ಸ್ಫುಟವಾದ ಇಂಗ್ಲಿಷಿನಲ್ಲಿ ಬರೆದಿಡಬೇಕು. ಹರಳು ಹುರಿದಂತೆ ಮಾತನಾಡುವವನಿಗಿಂತ ಅಚ್ಚುಕಟ್ಟಾಗಿ ಬರೆಯುವವನು ಇಲ್ಲಿ ಬಾಳುತ್ತಾನೆ. ಅಜ್ಜನು ಕಲಿತ ಉರ್ದುವಿನಂತೆ ಇದೂ ನೌಕರಿಗಾಗಿ ಕಲಿಯುವ ಭಾಷೆಯೇ. ಆದರೆ ಮನೆಯ ಭಾಷೆಯಲ್ಲಿ ಒಂದು ಪತ್ರವನ್ನು ನೆಟ್ಟಗೆ ಬರೆಯಬಲ್ಲವನಿಗೆ ಅದು ಬೇಗ ವಶವಾಗುತ್ತದೆ.

ಸಂಬಳದ ವಿಷಯದಲ್ಲಿ ಧಣಿಗಳೊಳಗೇ ಭಿನ್ನಾಭಿಪ್ರಾಯವುಂಟು. ದುಡಿಯುವವನ ಊರಿನ ದರಕ್ಕೆ ತಕ್ಕಂತೆ ಸಂಬಳವನ್ನು ಗೊತ್ತುಮಾಡುವುದು ಗಿಟ್‌ಲ್ಯಾಬಿನ ಪದ್ಧತಿ. ಎಲ್ಲಿದ್ದರೂ ಸಾನ್‌ಫ್ರಾನ್ಸಿಸ್ಕೋದ ದರವನ್ನೇ ಕೊಡುತ್ತೇವೆಂದುದು ಬೇಸ್‌ಕ್ಯಾಂಪಿನ ಪದ್ಧತಿ. ಎರಡನೆಯದೇ ನ್ಯಾಯವೆಂದು ನನ್ನ ಮತ. ತೊಗರಿಯ ಬೆಲೆಯನ್ನು ಬೆಳೆದವನ ಬಡತನವನ್ನು ನೋಡಿ ಕಟ್ಟುವುದು ಧರ್ಮವಾಗಲಾರದು. ಮೇಸ್ತ್ರಿಯ ನೆರಳು ಇಲ್ಲಿಯೂ ಪೂರ್ತಿ ಕಳೆದಿಲ್ಲ. ಜಾಲತಾಣದ ಗುತ್ತಿಗೆಪೇಟೆಗಳು ಕೂಲಿಯಲ್ಲಿ ತಮ್ಮ ಪಾಲನ್ನು ಹಿಡಿಯುತ್ತವೆ. ಗುತ್ತಿಗೆದಾರನೆಂಬ ಹೆಸರಿನಲ್ಲಿ ದುಡಿಯುವವನಿಗೆ ಭವಿಷ್ಯನಿಧಿಯಿಲ್ಲ, ಗ್ರಾಚ್ಯುಯಿಟಿಯಿಲ್ಲ. 2022-23ರಲ್ಲಿ ಅಮೆರಿಕೆಯ ದೊಡ್ಡ ಸಂಸ್ಥೆಗಳೇ ಸಾವಿರಾರು ಜನರನ್ನು ಒಂದೇ ಓಲೆಯಿಂದ ಬಿಡಿಸಿದುದನ್ನು ಲೋಕ ಕಂಡಿದೆ. ಇವೆಲ್ಲಕ್ಕಿಂತ ಕೆಟ್ಟವರು ವಿದೇಶದ ಕೆಲಸವನ್ನು ಕೊಡಿಸುವೆವೆಂದು ನೋಂದಣಿಯ ಹೆಸರಿನಲ್ಲಿ ಮೊದಲೇ ಹಣವನ್ನು ಕೇಳುವವರು. ಗುಳೆಯ ಮೇಸ್ತ್ರಿಯಾದರೂ ಮುಂಗಡವನ್ನು ಕೊಡುತ್ತಿದ್ದನು, ಪಡೆಯುತ್ತಿರಲಿಲ್ಲ.

‘ಕೊನೆ ಭಾಗದವರ’ ಮಾತನ್ನು ಈಗ ಎತ್ತಿಕೊಳ್ಳಬಹುದು. ಶಕ್ತಿನಗರದಲ್ಲಿ 1985ರಿಂದ ಉಷ್ಣಸ್ಥಾವರ ನಡೆಯುತ್ತಿದೆ. ಅದರ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವಾಟ್, ಯರಮರಸಿನ ಹೊಸ ಸ್ಥಾವರದ್ದು 1600. ಬೂದಿಯನ್ನು ಉಸಿರಾಡಿ ನಾಡಿಗೆ ಬೆಳಕನ್ನು ಕೊಟ್ಟ ಜಿಲ್ಲೆಯ ಹಳ್ಳಿಗಳಲ್ಲಿ ರಾತ್ರಿಯ ಸಭೆಯ ನಡುವೆ ವಿದ್ಯುತ್ತು ಹೋದರೆ ಇನ್ವರ್ಟರೇ ಗತಿ. ಇಂಟರ್‌ನೆಟ್ಟಿನ ತಂತಿ ಕಡಿದರೆ ಮೊಬೈಲಿನ ಸಂಪರ್ಕವೇ ಗತಿ. ಆದರೆ ನಾಲೆಯ ಕೊನೆಗೆ ನಿಜವಾಗಿ ತಲಪದಿರುವ ನೀರು ಇವೆರಡೂ ಅಲ್ಲ, ಸುದ್ದಿ. ಇಂಥ ಕೆಲಸವೊಂದು ಉಂಟು, ಅದನ್ನು ಹೀಗೆ ಹುಡುಕಬೇಕು, ಇಂಥವನು ಮಾಡುತ್ತಿದ್ದಾನೆ ಎಂಬ ಸುದ್ದಿ ಬೆಂಗಳೂರಿನಲ್ಲಿ ಒಂದೇ ಮೇಜಿನ ಸುತ್ತ ಹರಡುತ್ತದೆ. ಮಾನ್ವಿಯನ್ನು ಅದು ಹನಿಯಾಗಿ ಮುಟ್ಟುತ್ತದೆ, ದೇವದುರ್ಗಕ್ಕೆ ಬರುವಷ್ಟರಲ್ಲಿ ಇಂಗಿಹೋಗಿರುತ್ತದೆ. ರಾಯಚೂರಿನ ಐಐಐಟಿಯೇ 2019ರಲ್ಲಿ ಆರಂಭವಾದಾಗ ಅದರ ಮೊದಲ ವಿದ್ಯಾರ್ಥಿಗಳು ಓದಿದುದು ಹೈದರಾಬಾದಿನ ಐಐಟಿಯ ಆವರಣದಲ್ಲಿ. ಸಂಸ್ಥೆಯು ತನ್ನ ಹೆಸರಿನ ಊರಿಗೆ ಬಂದು ಸೇರಿದುದು ಕೆಲವು ವರ್ಷಗಳ ಮೇಲೆ. ಈಗ ಬಂದಿದೆ, ಅಲ್ಲಿನವರು ತಿಂಗಳಿಗೊಮ್ಮೆ ದೇವದುರ್ಗದ ಕಾಲೇಜಿಗೆ ಹೋಗಿ ಎರಡು ಗಂಟೆ ಕುಳಿತರೆ ಆ ನಾಲೆಯಲ್ಲಿ ನೀರು ಹರಿದೀತು.

ಗುಳೆಯ ಕೂಲಿ ಸೆರಗಿನ ಗಂಟಿನಲ್ಲಿ ಬಂದಿತು. ಅದಕ್ಕೆ ಕಾಗದವಿಲ್ಲ, ಅದನ್ನು ಬರೆದಿಟ್ಟ ದಫ್ತರವಿಲ್ಲ. ವಿದೇಶದ ಸಂಬಳ ಬಂದರೆ ಬ್ಯಾಂಕು ಅದು ಏತಕ್ಕಾಗಿ ಬಂದಿತೆಂಬುದನ್ನು ರಿಸರ್ವ್ ಬ್ಯಾಂಕಿನ ಪಟ್ಟಿಯಂತೆ ಒಂದು ಸಂಕೇತದಿಂದ ಗುರುತಿಸಿಕೊಳ್ಳುತ್ತದೆ. ತಂತ್ರಾಂಶದ ಸಲಹೆ ಮತ್ತು ರಚನೆಗೆ ಅಲ್ಲಿ ಪಿ 0802 ಎಂಬ ಅಂಕ. ಮುಂದೆ ಎಂದಾದರೂ ಈ ಜಿಲ್ಲೆಯ ದೂರದ ಸಂಬಳದ ಇತಿಹಾಸವನ್ನು ಬರೆಯುವವರಿಗೆ, ರಾಯಚೂರು, ಮಾನ್ವಿ, ದೇವದುರ್ಗಗಳ ಬ್ಯಾಂಕು ಶಾಖೆಗಳ ಪುಸ್ತಕಗಳಲ್ಲಿ ಆ ಅಂಕವು ಯಾವ ವರ್ಷದಿಂದ, ಎಷ್ಟು ಸಾಲುಗಳಲ್ಲಿ ಕಾಣಿಸಿಕೊಂಡಿತೆಂಬುದನ್ನು ಎಣಿಸುವುದು ಸಾಧ್ಯವಾಗಲಿದೆ.